ಕತ್ತರಿಗೆ ಅನುಮತಿ ಇಲ್ಲದ ವೀಸಾ

ನಾಲ್ಕನೇ ಮಹಡಿಯ ಬಾಡಿಗೆ ಕೋಣೆ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಕತ್ತುನೋವು ಹೇಗಿದೆ? ಬಟ್ಟೆ ಕತ್ತರಿಸುವ ಮೇಜನ್ನು ನಾಲ್ಕು ಇಂಚು ಎತ್ತರ ಮಾಡಿಸಿಕೊಳ್ಳಿ ಅಂತ ಬಾಯಿ ನೋಯುವಷ್ಟು ಹೇಳಿದ್ದೇನೆ. ನೀವು ಮಾಡಿಸಿರುವುದಿಲ್ಲ ಅಂತಲೂ ಗೊತ್ತು. ತಿಂಡಿ ತಿಂದು ಅಂಗಡಿಗೆ ಹೋಗುತ್ತೀರೋ, ಬರೀ ಟೀಯಲ್ಲೇ ಮಧ್ಯಾಹ್ನ ಮಾಡುತ್ತೀರೋ? ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯ ನೆಲಮಾಳಿಗೆಯ ಎಕ್ಸ್-ರೇ ಕೋಣೆಯಲ್ಲಿ ದಿನಕ್ಕೆ ಅರವತ್ತು ಜನಕ್ಕೆ ‘ಉಸಿರು ಬಿಗಿಹಿಡಿಯಿರಿ’ ಎನ್ನುತ್ತೇನೆ. ಒಮ್ಮೊಮ್ಮೆ ‘ಬಿಡಿ’ ಎನ್ನುವುದನ್ನು ಮರೆತು ಬೈಸಿಕೊಳ್ಳುತ್ತೇನೆ.

ಈಗ ತಲೆಬಿಸಿಯ ವಿಷಯ. ನನ್ನ ತರಬೇತಿ ವೀಸಾ ಮುಂದಿನ ತಿಂಗಳು ಮುಗಿಯುತ್ತದೆ. ಅಷ್ಟರೊಳಗೆ ಯಾವ ಬಗೆಯ ಕೆಲಸದ ವೀಸಾ ಅಂತ ಆರಿಸಿ ಅರ್ಜಿ ಹಾಕಬೇಕು. ಒಂದು, ಆಸ್ಪತ್ರೆಯೇ ಹೊಣೆ ಹೊತ್ತು ಕೊಡಿಸುವುದು. ಹತ್ತೇ ದಿನದಲ್ಲಿ ಸಿಗುತ್ತದೆ, ಎರಡು ತಿಂಗಳಲ್ಲಿ ನೀವೂ ಬರಬಹುದು. ಆದರೆ ನನ್ನ ‘ಅವಲಂಬಿತ’ರಾಗಿ, ದುಡಿಯುವ ಹಾಗಿಲ್ಲ. ಇನ್ನೊಂದು, ನನ್ನ ಓದು, ಅನುಭವ ನೋಡಿ ಕೊಡುವ ನುರಿತ ವೃತ್ತಿಯವರ ವೀಸಾ. ಅದರಲ್ಲಿ ಇಬ್ಬರೂ ಕೆಲಸ ಮಾಡಬಹುದು. ತೀರ್ಮಾನಕ್ಕೆ ಮಾತ್ರ ಹದಿನಾಲ್ಕು ತಿಂಗಳು. ಅಲ್ಲಿಯತನಕ ನಾನು ಇಲ್ಲೇ ಕೆಲಸದಲ್ಲಿರಬಹುದು, ಆದರೆ ನೀವು ಬರುವಂತಿಲ್ಲ, ನಾನು ಊರಿಗೆ ಬಂದುಹೋಗುವಂತೆಯೂ ಇಲ್ಲ. ಒಮ್ಮೆ ಆರಿಸಿದರೆ ಮುಗಿಯಿತು.

ನನ್ನ ಗಂಡ ಕೋಟಿನ ಕಟಿಂಗ್ ಮಾಸ್ಟರ್, ಮೊದಲನೆಯ ವೀಸಾದಲ್ಲಿ ಬಂದು ಮನೆಯಲ್ಲೇ ಕೂತು ಪಕ್ಕದವರ ಪ್ಯಾಂಟು ಮಡಚಿ ಹೊಲಿದುಕೊಟ್ಟರೆ ಹೇಗೆ ಅಂತ ವೀಸಾ ಕಚೇರಿಯ ಹುಡುಗಿಯನ್ನು ಕೇಳಿದೆ. ‘ದುಡ್ಡು ತಗೊಂಡ್ರೆ ಇಬ್ಬರದ್ದೂ ವೀಸಾ ಹೋಗುತ್ತೆ’ ಎಂದಳು, ಮುಖವನ್ನೂ ಎತ್ತದೆ. ನೀವೋ ಫೋನಿನಲ್ಲಿ ‘ಬಿಡೇ, ಇಪ್ಪತ್ತು ವರ್ಷ ದುಡಿದಾಯ್ತು, ಬಂದು ಅಡುಗೆ ಮಾಡ್ಕೊಂಡು ರಾಜನ ಹಾಗೆ ಇರ್ತೀನಿ’ ಅಂತ ನಕ್ಕಿರಿ. ನಗುವಾಗಲೂ ಕತ್ತರಿಯ ಸದ್ದು ನಿಂತಿರಲಿಲ್ಲ. ನನಗೆ ದಿಕ್ಕೇ ತೋಚುತ್ತಿಲ್ಲ. ರಜೆಯ ದಿನ ಒಬ್ಬಳೇ ಉಂಡು ಒಂದೇ ತಟ್ಟೆ ತೊಳೆಯುವಾಗ ಅಳು ಬರುತ್ತದೆ. ನೀವು ಬಂದರೆ ಸಾಕು, ಹೇಗಾದರೂ ಆಗಲಿ ಎನಿಸುತ್ತದೆ. ನೀವೇ ಯೋಚಿಸಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಅಕ್ಕ-ಭಾವನಿಗೆ ನಮಸ್ಕಾರ, ಅವರ ಪುಟ್ಟಿಗೆ ಎರಡು ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಜಗಳಗಂಟಿ

ತಾ.ಕ.: ‘ನೀವು ಹೇಳಿದ ಹಾಗೆ’ ಎಂದು ಬರೆದದ್ದು ಸುಳ್ಳು ರೀ. ಶುಕ್ರವಾರವೇ ಎರಡನೆಯ ವೀಸಾಕ್ಕೆ ಅರ್ಜಿ ಕೊಟ್ಟುಬಂದೆ. ಕೈ ಮುರಿದು ಎರಡು ತಿಂಗಳು ಅಂಗಡಿಗೆ ಹೋಗದೆ ಕೂತಿದ್ದಿರಲ್ಲ, ಆಗ ನೀವು ನನ್ನೊಡನೆ ಆಡಿದ ಮಾತು ಬೆರಳೆಣಿಕೆಯಷ್ಟು. ಹಾಗೆ ಕೂತ ನಿಮ್ಮೆದುರು ದಿನವೂ ಕೆಲಸ ಮುಗಿಸಿ ಬಂದು ನಿಲ್ಲಲು ನನಗೆ ಭಯ. ಹದಿನಾಲ್ಕು ತಿಂಗಳು ನಿಮ್ಮನ್ನು ಬಿಟ್ಟಿರಲೂ ಭಯವೇ. ಮೊದಲನೆಯ ಭಯವೇ ಹೆಚ್ಚು ಅನ್ನಿಸಿತು. ಫೋನ್ ಮಾಡಿ ಎಷ್ಟು ಬೇಕಾದರೂ ಬೈಯಿರಿ. ಮಾತು ಮಾತ್ರ ಬಿಡಬೇಡಿ.