ಹಿಂದಿನ ಸೀಟಿನ ಬಟ್ಟೆ

೧೮ ಫೆಬ್ರವರಿ ೨೦೦೪, ಬುಧವಾರ

ದೋಣಿಯ ಸೀಟಿಗೆ ಬಟ್ಟೆಯೋ ರೆಕ್ಸಿನ್ನೋ, ಇಷ್ಟು ಸಣ್ಣ ವಿಷಯಕ್ಕೆ ಇವತ್ತು ತಲೆ ಕೆಟ್ಟುಹೋಗಿದೆ. ಹೋಂಸ್ಟೇಗೆ ಬರುವವರನ್ನು ನಮ್ಮ ಎಸ್ಟೇಟ್ ಕೆರೆಯಲ್ಲಿ ಸುತ್ತಿಸಬೇಕೆಂದು ದಿಲೀಪ್ ಹಟ ಹಿಡಿದಿದ್ದಾರೆ. ಇವರ ಅಣ್ಣ ಉದಯ ಭಾವ ಅದೇ ಕೆರೆಯಲ್ಲಿ ಮುಳುಗಿ ಹೋದ ಮೇಲೆ ಆ ದೋಣಿ ನೀರಿಗಿಳಿದಿಲ್ಲ, ಕಾಫಿ ಗೋಡೌನಿನಲ್ಲೇ ಇತ್ತು. ಅವತ್ತು ಅಣ್ಣ ತಮ್ಮ ಇಬ್ಬರೂ ಹೋಗಿದ್ದರು, ದಡಕ್ಕೆ ಬಂದದ್ದು ಇವರೊಬ್ಬರೇ.

ಹಿಂದಿನ ಸೀಟು ಮಾತ್ರ ಯಾವಾಗಲೂ ತೇವ. ಒಳಗಿನ ಹಳೇ ನಾರು ಥಂಡಿ ಹಿಡಿದಿದೆ ಎಂದು ಮೇಲಿನ ಬಟ್ಟೆ ಸಮೇತ ಎಲ್ಲ ಕಿತ್ತು ಸುಟ್ಟೆವು. ಬೆಳಿಗ್ಗೆ ಕುಶನ್ ಅಂಗಡಿಯ ಇಲ್ಯಾಸ್ ಹೊಸ ಸ್ಪಂಜು ಕೂರಿಸಿ, ಮೇಲೆ ಎರಡು ಸ್ಯಾಂಪಲ್ ಹಾಸಿದರು: ದಪ್ಪ ಹತ್ತಿ ಬಟ್ಟೆ, ನೀಲಿ ರೆಕ್ಸಿನ್. "ರೆಕ್ಸಿನ್ನೇ ಹಾಕ್ಸಿ ಅಕ್ಕ, ನೀರು ಕುಡಿಯಲ್ಲ" ಎಂದು ಹೇಳಿ ಹೋದರು.

ಸಂಜೆ ಅತ್ತೆಯನ್ನು ಗೋಡೌನಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಪಕ್ಕದ ಮೂಟೆಗಳಲ್ಲಿ ಕಾಫಿ ಗರಿಗರಿಯಾಗಿ ಒಣಗಿದೆ. ರೆಕ್ಸಿನ್ ಮೇಲೆ ಮಾತ್ರ ನೀರು ನಿಂತಿತ್ತು. ಸೆರಗಿನಿಂದ ಒರೆಸಿದೆ. ಬಟ್ಟೆಯ ತುಂಡನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಮತ್ತೆ ನಿಂತಿತು, ಕೆರೆಯ ಪಾಚಿ ವಾಸನೆಯ ನೀರು. ಸ್ಪಂಜು ಯಾರೋ ಕೂತ ಹಾಗೆ ತಗ್ಗಿತ್ತು.

ಅತ್ತೆಯ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ರೆಕ್ಸಿನ್ ಬೇಡ ಕಣೇ, ಬಟ್ಟೆನೇ ಹಾಕ್ಸು" ಎಂದರು. "ಇಷ್ಟು ವರ್ಷ ಬಟ್ಟೆ ನೀರು ಕುಡ್ಕೊಂಡು ಮುಚ್ಚಿಟ್ಟಿತ್ತು. ಅವ್ನು ಇಲ್ಲಿ ಕೂತಿರೋದು ದಿಲೀಪಂಗೆ ಕಾಣ್ಬಾರ್ದು."

ಬಟ್ಟೆಯೇ ಇರಲಿ ಎಂದು ಇಲ್ಯಾಸ್‌ಗೆ ಫೋನು ಮಾಡಿದೆ. ಆ ರೆಕ್ಸಿನ್ ತುಂಡನ್ನು ಅಲ್ಲಿಂದ ತೆಗೆಯಲು ಮಾತ್ರ ನನಗೆ ಧೈರ್ಯ ಬರಲಿಲ್ಲ.

ಅಂಗಳದಿಂದ ದಿಲೀಪ್ ಕೂಗುತ್ತಿದ್ದಾರೆ, ಗೋಡೌನಿನ ಬೀಗದ ಕೈ ಎಲ್ಲಿ, ಹೊಸ ಸೀಟು ನೋಡಿ ಬರುತ್ತೇನೆ ಎಂದು. ನಾನು—