ಬಿಸಿ ತಟ್ಟೆಯ ಮೇಲಿನ ಇಲಿ

ಅಣ್ಣಾ,

ಮೊನ್ನೆ ಜಗಳವಾದ ಮೇಲೆ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾರ್ಡು. ಅಂಚೆಯವರು ಓದಿಕೊಂಡರೆ ಓದಿಕೊಳ್ಳಲಿ.

ಇಲ್ಲಿನ ಪ್ರಯೋಗಾಲಯದಲ್ಲಿ ನೋವು ತಗ್ಗಿಸುವ ಮಾರ್ಫಿನ್ ಚುಚ್ಚಿದ ಇಲಿಯನ್ನು ಬಿಸಿ ತಟ್ಟೆಯ ಮೇಲೆ ಬಿಟ್ಟು, ಅದು ಎಷ್ಟು ಹೊತ್ತು ತಡೆಯುತ್ತದೆಂದು ಅಳೆಯುವುದು ನನ್ನ ಕೆಲಸ. ಪಾದ ನೆಕ್ಕಿಕೊಂಡರೆ ನೋವಾಯಿತೆಂದು ಅರ್ಥ, ತಕ್ಷಣ ಎತ್ತಿಕೊಳ್ಳಬೇಕು. ಕಳೆದ ವಾರ ಆರಾಮಾಗಿ ಮೀಸೆ ತೀಡುತ್ತ ಕೂತಿದ್ದ ಇಲಿ, ದಿನಾ ಅಷ್ಟೇ ಔಷಧಿ ಕೊಡುತ್ತಿದ್ದರೂ ಇವತ್ತು ಕಾಲಿಟ್ಟ ಕೂಡಲೇ ನೆಕ್ಕಿಕೊಂಡಿತು. ಎತ್ತಿ ಅಂಗೈಯಲ್ಲಿ ಹಿಡಿದರೆ ಅದರ ಎದೆ ಡವಡವ, ನನ್ನದೂ.

"ಔಷಧಿ ಕಡಿಮೆ ಹಾಕಿಬಿಟ್ನಾ ಮೇಡಂ?" ಎಂದು ಮೇಲಧಿಕಾರಿಯನ್ನು ಕೇಳಿದೆ.

"ಇಲ್ಲಮ್ಮ, ಮೈಗೆ ಒಗ್ಗಿಹೋಗಿದೆ. ಮೊದಲಿನಷ್ಟೇ ಕೊಟ್ರೆ ಈಗ ನಾಟಲ್ಲ" ಎಂದರು.

ಅಣ್ಣಾ, ಮೂಳೆ ಕ್ಯಾನ್ಸರಿಗೆ ಅಪ್ಪ ನುಂಗುತ್ತಿರುವುದೂ ಇದೇ ಮಾರ್ಫಿನ್. ಮೊನ್ನೆ ಅವರು ಇನ್ನೊಂದು ಮಾತ್ರೆ ಕೇಳಿದ್ದಕ್ಕೆ "ಚಟ ಹತ್ತಿದೆ, ನಾಟಕ ಆಡ್ತಾರೆ" ಎಂದು ಗದರಿದೆಯಲ್ಲ! ನೀನಾಗಿ ಹೆಚ್ಚು ಕೊಡಬೇಡ, ಆದರೆ ಈ ಕಾರ್ಡು ಸಿಕ್ಕ ದಿನವೇ ಡಾಕ್ಟರನ್ನು ಮನೆಗೆ ಕರೆಸು. ನಾನು ಚೆನ್ನಾಗಿದ್ದೇನೆ, ಇಲಿ ಕಚ್ಚಿದ ಬೆರಳು ವಾಸಿಯಾಗಿದೆ. ಜಾಗ ಮುಗಿಯಿತು. ಇದನ್ನು ಅಪ್ಪನ ಮಂಚದ ಪಕ್ಕ ಕೂತು ಗಟ್ಟಿಯಾಗಿ ಓದು. ಅವರ ಮಾತನ್ನು ಒಬ್ಬಳಾದರೂ ನಂಬಿದ್ದಾಳೆಂದು ಅವರಿಗೆ ಗೊತ್ತಾಗಲಿ.

ನಿನ್ನ ತಂಗಿ