ಅಳತೆ ಪುಸ್ತಕ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕತ್ತು ನೋವು ಕಡಿಮೆಯಾಯಿತೇ? ದಿನವಿಡೀ ಲ್ಯಾಪ್‌ಟಾಪಿಗೆ ಮುಖ ಕೊಟ್ಟು ಕೂತರೆ ಇನ್ನೇನಾಗುತ್ತದೆ. ನಿನ್ನ ಕಂಪನಿಗೆ ಹಣ ಹಾಕುತ್ತೇನೆಂದವರು ಹಿಂದೆ ಸರಿದರೆಂದು ಮೊನ್ನೆ ಅಮ್ಮನ ಹತ್ತಿರ ಅತ್ತುಬಿಟ್ಟೆಯಂತೆ. ಊಟ ಬಿಡಬೇಡ. ಅಮ್ಮನ ಮಂಡಿ ನೋವು ಹಾಗೇ ಇದೆ. ಆದರೂ ಪೇಪರಿನಲ್ಲಿ ನಿನ್ನ ಫೋಟೋ ಬಂದ ದಿನ ಅದೇ ಮಂಡಿ ಎಳೆದುಕೊಂಡು ಬೀದಿಯ ಮನೆಮನೆಗೂ ತೋರಿಸಿ ಬಂದಳು. ಇಪ್ಪತ್ತೆರಡು ವರ್ಷದಿಂದ ಈ ಬೀದಿಯವರ ಬಟ್ಟೆ ಹೊಲಿಯುತ್ತಿದ್ದೇನೆ, ನನಗಾಗಿ ಅವಳು ಒಂದು ಮೆಟ್ಟಿಲೂ ಇಳಿದವಳಲ್ಲ.

ಹೊಟ್ಟೆಕಿಚ್ಚು ಎನ್ನುತ್ತೀಯ. ಹೌದು, ಮುಚ್ಚಿಡುವುದೇನು. 'ಟೈಲರ್‌ಗಳ ಕಷ್ಟ ಕಂಡು ಹೊಳೆದ ಸಾಫ್ಟ್‌ವೇರ್' ಎಂದು ಬರೆದಿದ್ದರು. ಯಾವ ಟೈಲರ್? ಇಸ್ತ್ರಿಗೆ ಇಟ್ಟ ನೀರು ಅಳತೆ ಪುಸ್ತಕದ ಮೇಲೆ ಚೆಲ್ಲಿ, ಮೂವತ್ತು ಗಿರಾಕಿಗಳನ್ನು ಕೈಮುಗಿದು ಮತ್ತೆ ಕರೆಸಿದವಳು ನಾನು. ಅವತ್ತು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನೀನು ಕಾಲು ಇಳಿಬಿಟ್ಟು ಕೂತು, "ಅಕ್ಕಾ, ಇದನ್ನೆಲ್ಲ ಇಂಟರ್ನೆಟ್ಟಲ್ಲಿ ಇಟ್ರೆ ಹೇಗೆ" ಅಂದೆ. "ಸುಮ್ನೆ ಗುಂಡಿ ಹಾಕು" ಅಂದೆ ನಾನು. ಆ ಮಾತಿಗೆ ಈಗಲೂ ನನ್ನನ್ನೇ ಬೈದುಕೊಳ್ಳುತ್ತೇನೆ.

ನನ್ನ ಅಭಿಪ್ರಾಯ ಕೇಳಿದ್ದೆಯಲ್ಲ. ಬ್ರೌಸರಿನಲ್ಲೇ ತೆರೆಯುವ ಸಾಫ್ಟ್‌ವೇರ್ ಒಳ್ಳೆಯದೇ, ನನ್ನ ಹಳೇ ಫೋನಿನಲ್ಲೂ ನಡೆಯುತ್ತದೆ. ತಪ್ಪಿದ್ದರೆ ನೀನು ಅಲ್ಲಿ ಕೂತು ಒಮ್ಮೆ ತಿದ್ದುತ್ತೀಯ, ಊರಿನ ಎಲ್ಲ ಟೈಲರ್‌ಗಳಿಗೂ ಸರಿಹೋಗುತ್ತದೆ. ನಾನು ಒಂದು ತೋಳು ತಪ್ಪಿದರೆ ಆ ಒಂದೇ ಅಂಗಿ ಬಿಚ್ಚಿಕೊಂಡು ಅರ್ಧ ದಿನ ಕೂರಬೇಕು. ಅದಕ್ಕೂ ಹೊಟ್ಟೆ ಉರಿಯುತ್ತದೆ ನನಗೆ. ಆದರೆ ಯಾರೇ ಹಣ ಹಾಕಲಿ, ಬೇಕಾದಷ್ಟೇ ತೆಗೆದುಕೋ. ಹಾಕಿದವರು ಪಾಲು ಕೇಳುತ್ತಾರೆ, ಆಮೇಲೆ ಬೆನ್ನಿಗೆ ಬಿದ್ದು ಅವಸರ ಮಾಡುತ್ತಾರೆ. ಬಟ್ಟೆ ಮಿಕ್ಕಿತೆಂದು ನಾನು ಯಾರ ಅಂಗಿಗೂ ಮೂರನೆಯ ತೋಳು ಇಟ್ಟಿಲ್ಲ.

ನಿನ್ನ ನೀಲಿ ಕೋಟಿನ ಒಳಗಿನ ಲೈನಿಂಗ್ ಬದಲಾಯಿಸಿ ಇದರ ಜೊತೆ ಕಳಿಸುತ್ತಿದ್ದೇನೆ. ಅಮ್ಮ ನೂರು ಸಲ ಆಶೀರ್ವಾದ ಹೇಳಿದ್ದಾಳೆ, ನನ್ನದೊಂದು ಸೇರಿಸಿಕೋ.

ನಿನ್ನ,
ಅಕ್ಕ

ಮರೆತ ಮಾತು: ಮರೆತಿರಲಿಲ್ಲ, ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಹಣ ಹಾಕುವ ಆ ಹೆಂಗಸು ಹಿಂದೆ ಸರಿದದ್ದು ನನ್ನಿಂದ. ನೀನು ಕೊಟ್ಟ ಟೈಲರ್‌ಗಳ ಪಟ್ಟಿ ಹಿಡಿದು ಕಳೆದ ವಾರ ಅಂಗಡಿಗೆ ಬಂದಿದ್ದರು. ನಾನು ನಿನ್ನ ಅಕ್ಕ ಎಂದು ಅವರಿಗೆ ಗೊತ್ತಿರಲಿಲ್ಲ. "ಇದರಿಂದ ನಿಮಗೆ ಉಪಯೋಗ ಆಗಿದ್ಯಾ?" ಎಂದರು. "ಇಲ್ಲ, ಒಂದೇ ವಾರಕ್ಕೆ ಬಿಟ್ಬಿಟ್ಟೆ" ಅಂದುಬಿಟ್ಟೆ. ಇವತ್ತು ಬೆಳಿಗ್ಗೆ ಅವರಿಗೆ ನಾನೇ ಫೋನ್ ಮಾಡಿ, ನಾನು ಅವಳ ಅಕ್ಕ, ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ, ಏಳು ತಿಂಗಳಿಂದ ಎಲ್ಲರ ಅಳತೆಯನ್ನೂ ಅದರಲ್ಲೇ ಇಡುತ್ತಿದ್ದೇನೆ ಎಂದೆ. "ಈಗ ಹೇಳ್ತಿರೋದನ್ನ ಹೇಗೆ ನಂಬ್ಲಿ?" ಎಂದರು. "ನಂಬಬೇಡಿ, ಬಂದು ಪಕ್ಕದಲ್ಲಿ ಕೂತು ನೋಡಿ" ಅಂದೆ. ಸೋಮವಾರ ಹತ್ತು ಗಂಟೆಗೆ ಬರುತ್ತಾರೆ. ನೀನೂ ಬಾ. ಬೈಯುವುದನ್ನು ಅವರು ಹೋದ ಮೇಲೆ ಬೈ.